ಬಾಗಿದ ಗೋಡೆಗೆ ಕಪಾಟು

ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ಇಟಲಿಯ ನಮ್ಮ ಲುಕ್ಕಾ ಪಟ್ಟಣದ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಮುಂದೆ ನಮ್ಮೂರ ಫೋಸ್ಕಾ, ಪಕ್ಕದಲ್ಲಿ ಪೀಸಾದಿಂದ ಬಂದ ಅವಳ ಹೊಸ ಗಂಡ ರಾನಿಯೇರಿ.

“ಕಪಾಟು ಗೋಡೆಗೆ ಕೂರ್ತಿಲ್ಲ ಕಣೆ. ನಡುವೆ ಬೆಕ್ಕು ಮಲಗೋವಷ್ಟು ಸಂದು. ಗೋಡೆ ಕೆತ್ತಿಸೋಣ, ಇಲ್ಲಾ ಬೇರೆ ಮನೆ ನೋಡೋಣ.”

ಫೋಸ್ಕಾ ನಮ್ಮ ಕಡೆ ತಿರುಗಿದಳು. “ಕೆತ್ತಿಸ್ತಾನಂತೆ. ರೋಮನ್ನರ ಕಾಲದ ದುಂಡು ಅಖಾಡದ ಗೋಡೆ ಅದು. ಬೀದಿಯವರೆಲ್ಲ ಅದಕ್ಕೇ ಮನೆ ಆನಿಸಿ, ಬೆನ್ನು ಕೊಟ್ಟು ಬದುಕಿದ್ದೀವಿ.”

“ಗೋಡೆ ಅಂದ್ಮೇಲೆ ನೇರ ಇರ್ಬೇಕು.”

“ಗೋಪುರನೇ ನೆಟ್ಟಗೆ ನಿಲ್ಲಿಸೋಕಾಗದ ಊರಿನವನು ಹೇಳ್ತಿದಾನೆ, ಕೇಳಿ.”

ಸಾಲೆಲ್ಲ ನಕ್ಕಿತು. ಅವನೂ ನಕ್ಕ.

“ನಿನ್ನೆ ಆ ಸಂದಿಗೆ ಕೈ ಹಾಕಿದ್ದೆ,” ಎಂದ ಮೆಲ್ಲಗೆ. “ಕತ್ತಲಾದ್ರೂ ಕಲ್ಲು ಬೆಚ್ಚಗಿತ್ತು. ಎಷ್ಟು ಕಾಲದ ಬಿಸಿಲೋ ಅನ್ನಿಸ್ತು. ಕೈ ತೆಗೆಯೋಕೇ ಮನಸ್ಸಾಗ್ಲಿಲ್ಲ.”

“ಹಾಗಾದ್ರೆ?”

“ಬಡಗಿಗೆ ಹೇಳ್ತೀನಿ, ಕಪಾಟನ್ನೇ ಬಾಗಿಸ್ಲಿ.”

ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಗೋಡೆ ಬಾಗಿದ ಕಡೆಗೇ ಅವರೂ ಬಾಗಿ ಮರೆಯಾದರು.