ದೇವರ ಮನೆಗೊಂದು ಹಿಂಬಾಗಿಲು

ವೇದಿಕೆಯನ್ನು ಅಲಂಕರಿಸಿರುವ ನಮ್ಮ ಕನ್ನಡ ಸಂಘದ ಮಾನ್ಯ ಅಧ್ಯಕ್ಷರೇ, ವಾರ್ಡ್ ಕಚೇರಿಯ ಸೇವೆಯಿಂದ ನಿವೃತ್ತರಾಗುತ್ತಿರುವ, ಇಂದಿನ ಸನ್ಮಾನ ಸ್ವೀಕರಿಸಿರುವ ಶ್ರೀಮತಿ ಮಾಧುರಿ ಮೇಡಂ ಅವರೇ, ಸ್ವಾರಗೇಟಿನ ಟ್ರಾಫಿಕ್ಕನ್ನು ಗೆದ್ದು ಸಮಯಕ್ಕೆ ಬಂದವರೇ, ಅದಕ್ಕೆ ಸೋತು ತಡವಾಗಿ ಬಂದವರೇ, ಊಟದ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ನನ್ನ ಹೆಸರು ಶಿವರುದ್ರಪ್ಪ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ. ಭಾಷಣ ನನ್ನ ಕಸುಬಲ್ಲ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೇಡಂ ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಹೆಂಡತಿ ಶೈಲಾ ಅವರ ಪಕ್ಕದಲ್ಲಿ ಕುಳಿತು ನನ್ನ ಮಾತನ್ನು ಮೆಲ್ಲಗೆ ಮರಾಠಿಯಲ್ಲಿ ಹೇಳುತ್ತಿದ್ದಾಳೆ. ಹೇಳುವಾಗ ಎಷ್ಟು ತಿದ್ದುತ್ತಾಳೋ, ಎಷ್ಟು ನುಂಗುತ್ತಾಳೋ ಶಿವನೇ ಬಲ್ಲ. ನೀವೆಲ್ಲ ನಕ್ಕಲ್ಲಿ ಮೇಡಂ ನಗದಿದ್ದರೆ ತಪ್ಪು ನನ್ನದಲ್ಲ.

ಬಾಡಿಗೆ ಮನೆಗಳಿಗೆ ಲೈಸನ್ಸ್ ಕೊಡುವ, ಅನೇಕ ಸಲ ಕೊಡದೆ ಇರುವ ಅಧಿಕಾರಿಗೆ ನಮ್ಮ ಸಂಘ ಯಾಕೆ ಶಾಲು ಹೊದಿಸಬೇಕು ಎಂದು ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಈ ಸಭೆಯಲ್ಲಿ ಅರ್ಧ ಜನ ರೂಮು ಬಾಡಿಗೆಗೆ ಕೊಟ್ಟವರು, ಇನ್ನರ್ಧ ಜನ ಹಿಡಿದವರು. ಮೇಡಂ ಅವರ ಸ್ಕೂಟರ್ ಓಣಿಗೆ ಬಂತೆಂದರೆ ಕೊಟ್ಟವರಿಗೆ ಇವತ್ತಿಗೂ ಬೆವರು ಇಳಿಯುತ್ತದೆ. ಅಂಥವರಿಗೆ ಸನ್ಮಾನವೇ? ಹೌದು, ಅಂಥವರಿಗೇ ಸನ್ಮಾನ. ಯಾಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಗೋಡೆಯ ಕಥೆ ಹೇಳಬೇಕು. ನಮ್ಮ ಅವ್ವನ ಕಥೆ ಹೇಳಬೇಕು.

ನಮ್ಮ ಮನೆ ಮಾರ್ಕೆಟ್ ಯಾರ್ಡಿನ ಹಿಂದೆ, ಹಳೆಯ ಓಣಿಯಲ್ಲಿದೆ. ಅಪ್ಪ ಊರು ಬಿಟ್ಟು ಬಂದು ಗುಮಾಸ್ತಿಕೆ ಮಾಡಿ ಕಟ್ಟಿಸಿದ್ದು. ಮುಂಬಾಗಿಲಿನಿಂದ ಒಂದು ಉದ್ದನೆಯ ಪ್ಯಾಸೇಜ್. ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅದರಲ್ಲೂ ನಡುವೆ ಒಂದು ತಿರುವು. ಪ್ಯಾಸೇಜಿನ ಪಕ್ಕಕ್ಕೆ ಬಾಡಿಗೆಯ ರೂಮುಗಳು. ಕೊನೆಯಲ್ಲಿ ದೇವರ ಮನೆ. ಅಪ್ಪ ಲಿಂಗೈಕ್ಯರಾದಾಗ ಆ ತಿರುವಿನಲ್ಲಿ ವಿಮಾನ ಹೊರಳಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ಕೂಡಿಸಿ, ಮನೆಯ ಒಳಗಿನಿಂದಲೇ ಹೊತ್ತು ಹೊರಡುತ್ತೇವೆ. ಅಪ್ಪನನ್ನು ಮಾತ್ರ ಜಮಖಾನೆಯಲ್ಲಿ ಮಲಗಿಸಿ ಹೊರತಂದು, ರಸ್ತೆಯ ಮೇಲೆ ಕೂಡಿಸಿದೆವು. ಇರಲಿ, ಇದು ಈ ಸಭೆಗೆ ಸಂಬಂಧವಿಲ್ಲದ ಮಾತು. ಅವ್ವನೂ ಆಮೇಲೆ ಅದರ ಬಗ್ಗೆ ನನ್ನೆದುರು ತುಟಿ ಬಿಚ್ಚಲಿಲ್ಲ.

ಅವ್ವನ ಹೆಸರು ರುದ್ರವ್ವ. ಅವಳ ದೇವರ ಮನೆ ಎಂದರೆ ಅದು ಬೇರೆಯೇ ರಾಜ್ಯ. ಸ್ನಾನವಿಲ್ಲದೆ ನನ್ನನ್ನು ಬಿಡುತ್ತಿರಲಿಲ್ಲ. ಶೈಲಾ ಸೊಸೆಯಾಗಿ ಬಂದು ಎಷ್ಟೋ ಕಾಲ ಹೊಸ್ತಿಲ ಹೊರಗೇ ನಿಂತು ಕೈ ಮುಗಿದಿದ್ದಾಳೆ. ಹೌದಲ್ಲ, ಶೈಲಾ? ನೋಡಿ, ಇದನ್ನು ಮಾತ್ರ ಬಹಳ ಚೆನ್ನಾಗಿ ಅನುವಾದ ಮಾಡುತ್ತಿದ್ದಾಳೆ. ಆ ಕೋಣೆಯಲ್ಲಿ ನಂದಾದೀಪವಿತ್ತು. ಅವ್ವ ಮದುವೆಯಾಗಿ ಬಂದಾಗ ಹಚ್ಚಿದ್ದು. ಊರಿಗೆ ಹೋಗಬೇಕಾದರೂ ಎಣ್ಣೆ ಹಾಕುವವರು ಯಾರು ಎಂದು ಗೊತ್ತುಮಾಡಿಯೇ ಹೊರಡುತ್ತಿದ್ದಳು.

ಇಂಥ ಮನೆಗೆ ಮಾಧುರಿ ಮೇಡಂ ಬಂದರು. ರೂಮು ಬಾಡಿಗೆಗೆ ಕೊಡುವವರು ಪಾಲಿಕೆಯ ಲೈಸನ್ಸ್ ತೆಗೆದುಕೊಳ್ಳಬೇಕು ಎಂದಾಗಿತ್ತು. ಪ್ಯಾಸೇಜಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ದೇವರ ಮನೆಯ ಮುಂದೆ ನಿಂತರು. ಚಪ್ಪಲಿ ಬಿಟ್ಟರು, ಕಾಲು ತೊಳೆದುಕೊಂಡರು, ಒಳಗೆ ಬಂದು ದೇವರಿಗೆ ಕೈ ಮುಗಿದರು. ಲೈಸನ್ಸ್ ಸಿಕ್ಕಿತು ಎಂದುಕೊಂಡೆ ನಾನು. ಆಮೇಲೆ ಮೇಡಂ ಚೀಲದಿಂದ ಟೇಪು ತೆಗೆದು ದೇವರ ಮನೆಯ ಹಿಂದಿನ ಗೋಡೆಯನ್ನು ಅಳೆದರು.

"ಕಾಕಾ, ಇಷ್ಟು ಜನಕ್ಕೆ ಒಂದೇ ಬಾಗಿಲು ಚಾಲಣಾರ ನಾಹೀ," ಎಂದರು, ನಡೆಯುವುದಿಲ್ಲ ಎಂದು. ಮುಂದೆ ಬೆಂಕಿ ಬಿದ್ದರೆ ಹಿಂದಿನ ರೂಮಿನವರು ಎಲ್ಲಿ ಹೋಗಬೇಕು? ಅಡುಗೆಮನೆಯ ಹಿಂದೆ ಪಕ್ಕದ ಮನೆಯ ಗೋಡೆ. ಹಿಂದಿನ ಓಣಿಗೆ ತಾಗುವುದು ದೇವರ ಮನೆಯ ಗೋಡೆ ಒಂದೇ. ಅಲ್ಲಿಯೇ ಬಾಗಿಲಾಗಬೇಕು. ಅದು ಹೊರಕ್ಕೆ ತೆರೆಯಬೇಕು, ಒಳಗಿನವರು ತಳ್ಳಿದರೆ ಸಾಕು ಎನ್ನುವಂತಿರಬೇಕು, ಅದಕ್ಕೂ ದೇವರ ಮನೆಗೂ ಬೀಗ ಕೂಡದು. ಇಲ್ಲವಾದರೆ ರೂಮು ಖಾಲಿ ಮಾಡಿಸಿ.

ಸಭಿಕರೇ, ನೀವೇ ಹೇಳಿ, ಬಾಡಿಗೆಯವರು ಓಡಾಡುವ ದಾರಿ ದೇವರ ಮನೆಯಲ್ಲೇ? ಬೀಗವಿಲ್ಲದ ದೇವರ ಮನೆಯೇ? ಅವ್ವನಿಗೆ ಈ ಮಾತು ತಿಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ನಾನು ಬಾಯಿ ಮುಚ್ಚಿಕೊಂಡೆ. ನಮ್ಮ ಮಂದಿ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಊರಿನ ಮಠದ ಸ್ವಾಮಿಗಳಿಗೆ, ನಮ್ಮ ಅಜ್ಜಾರಿಗೆ ಹೇಳಿ ಮೇಡಂಗೆ ಫೋನ್ ಮಾಡಿಸಿದೆ. ದೇವರ ಗೋಡೆ ಒಡೆಯುವುದು ಸಲ್ಲದು ಎಂದು ಅಜ್ಜಾರು ಅಚ್ಚ ಕನ್ನಡದಲ್ಲಿ, ವಚನದ ಧಾಟಿಯಲ್ಲಿ, ಸಾವಕಾಶವಾಗಿ ತಿಳಿಸಿ ಹೇಳಿದರು. ಮೇಡಂಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಯಾರೋ ಸಾಧು ಮಹಾರಾಜರು ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು, ಎದ್ದು ನಿಂತು, ಫೋನಿಗೇ ನಮಸ್ಕಾರ ಮಾಡಿದರಂತೆ. ಮರುದಿನ ನನಗೆ ನೋಟಿಸು ಬಂತು.

ರೂಮಿನವರು ಕದಲತೊಡಗಿದರು. ನಮ್ಮಲ್ಲಿ ಮಿಥುನ ಎಂಬ ಬೆಂಗಳೂರಿನ ಹುಡುಗ ಇದ್ದ, ಈಗಲೂ ಇದ್ದಾನೆ, ಹಡಪಸರದ ಕಂಪನಿಯಲ್ಲಿ ಕೆಲಸ. ಅವನು ಪುಸ್ತಕಗಳನ್ನು ಡಬ್ಬಿಗೆ ತುಂಬುತ್ತಿದ್ದದ್ದು ಅವ್ವನ ಕಣ್ಣಿಗೆ ಬಿತ್ತು. ದೇವರ ಮನೆಗೆ ಅಂಟಿದ ರೂಮಿನಲ್ಲಿ ರಂಗೂಬಾಯಿ. ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಹೆಂಗಸು, ನಮ್ಮ ಇಂಡಿ ಕಡೆಯವಳು, ಹಿಂದೆ ಮುಂದೆ ಯಾರೂ ಇಲ್ಲ. ಅವಳು ಡಬ್ಬಿ ತುಂಬಲಿಲ್ಲ. ಎಲ್ಲಿಗೆಂದು ತುಂಬಬೇಕು? ಬಾಗಿಲಿಗೆ ಒರಗಿ ಸುಮ್ಮನೆ ಕುಳಿತಿದ್ದಳು. ಅವ್ವ ಅವಳ ಮುಖ ನೋಡಿದಳು, ಆಮೇಲೆ ನನ್ನನ್ನು ಕರೆದಳು.

"ಶಿವರುದ್ರಾ, ಮಂದಿ ಯಾಕ ಹೊಂಟಾರ? ಖರೇ ಹೇಳು."

ಹೇಳಿದೆ. ಹೇಳಿ, ಅವಳು ಅಳುತ್ತಾಳೆ ಎಂದು ಕಾದೆ.

"ಆ ಆಫೀಸಿನ ಬಾಯಿ ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು ಒಳಗ ಬಂದಿದ್ಲು, ಅಲ್ಲೇನು?" ಎಂದು ಕೇಳಿದಳು.

"ಹೌದವ್ವ."

"ದೇವ್ರಿಗೆ ಕೈ ಮುಗದಳು, ಆದ್ರ ಅಳತಿ ಬಿಡಲಿಲ್ಲ. ಅಂಥಾಕಿ ಮಾತು ಕೇಳಬೇಕು. ರಂಗೂ ಹೋದಮ್ಯಾಲ ಈ ದೇವ್ರನ್ನ ಇಟಗೊಂಡು ನಾ ಏನು ಮಾಡ್ಲಿ? ಗೌಂಡಿನ್ನ ಕರಿ."

ನಾನು ಬೆರಗಾಗಿ ನಿಂತೆ. ನನಗೆ ಬುದ್ಧಿ ಬಂದಾಗಿನಿಂದ ನೋಡಿದ ಅವ್ವ ಇವಳೇ? ಸ್ನಾನವಿಲ್ಲದೆ ಹೊಸ್ತಿಲು ತುಳಿಯಲು ಬಿಡದವಳು ಇವಳೇ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಯಾರ ಜೊತೆ ಇದ್ದೆ?

ಗೋಡೆ ಕಟ್ಟುವ ಗೌಂಡಿ ಬಂದ. ಮೇಡಂ ಕೂಡ ಬಂದರು. ಮೇಡಂ ಹೇಳಿದ ಅಗಲಕ್ಕೆ ಗೌಂಡಿ ಸುಣ್ಣದ ಗೆರೆ ಎಳೆದ. ಅವ್ವ ಅದನ್ನು ನೋಡಿ, ಇನ್ನೂ ಒಂದು ಮೊಳ ಅಗಲ ಮಾಡು ಎಂದಳು. ಗೋಡೆ ಬಡವಾಗುತ್ತದವ್ವ ಎಂದೆ. "ನಿನಗ ತಿಳಿಯೂದಿಲ್ಲ, ಸುಮ್ನಿರು," ಎಂದಳು. ಗೌಂಡಿ ಗೆರೆ ಅಳಿಸಿ ಹೊಸದು ಎಳೆದ.

ಕೊನೆಗೆ ದೀಪದ ಮಾತು ಬಂತು. ಹೊರಹೋಗುವ ದಾರಿಯಲ್ಲಿ ಬೆಳಕು ಇರಲೇಬೇಕು, ಆದರೆ ಉರಿಯುವ ದೀಪ ಇರಕೂಡದು ಎಂದರು ಮೇಡಂ. ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಆದರೂ ಹೇಳಿದರು! ನಾನಾಗಿದ್ದರೆ ಗೋಡೆಯ ಕಡೆ ಮುಖ ಮಾಡಿ, ದೀಪ ನೋಡಿಯೇ ಇಲ್ಲ ಎಂದುಬಿಡುತ್ತಿದ್ದೆ. ನಾನು ಮರಾಠಿಯಿಂದ ಕನ್ನಡಕ್ಕೆ ತಿರುಗಿಸಿ ಹೇಳಬೇಕಿತ್ತು, ನನ್ನ ನಾಲಿಗೆ ಹೊರಳಲಿಲ್ಲ. ಅವ್ವನಿಗೆ ನಾನು ಹೇಳುವುದು ಬೇಕಾಗಿರಲಿಲ್ಲ. ಸೆರಗು ಹೊದ್ದು ದೀಪದ ಮುಂದೆ ಕುಳಿತಳು. ನಮ್ಮಲ್ಲಿ ದೀಪ ಆರಿಸುವುದು ಎನ್ನುವುದಿಲ್ಲ, ಬಾಯಿಂದ ಊದುವುದೂ ಇಲ್ಲ. "ಶಾಂತ ಆಗವ್ವಾ," ಎಂದು ದೀಪಕ್ಕೆ ಹೇಳಿ, ಹೂವಿನ ಎಸಳಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಇಳಿಸಿದಳು. ಮಾಧುರಿ ಮೇಡಂ, ನೀವು ಆಗ ಕಿಟಕಿಯ ಕಡೆ ತಿರುಗಿದಿರಿ. ನಾನು ನೋಡಿದೆ. ಇಷ್ಟು ದಿನ ಹೇಳಿರಲಿಲ್ಲ.

ಆ ಜಾಗದಲ್ಲಿ ಬ್ಯಾಟರಿಯ ಹಸಿರು ದೀಪ ಬಂತು. ಕರೆಂಟು ಹೋದರೂ ಉರಿಯುವಂಥದ್ದು, ಅದರ ಮೇಲೆ ಓಡುತ್ತಿರುವ ಮನುಷ್ಯನ ಚಿತ್ರ. ಮರುದಿನ ನೋಡುತ್ತೇನೆ, ಅವ್ವ ಆ ಓಡುವ ಮನುಷ್ಯನ ಹಣೆಗೆ ವಿಭೂತಿ ಹಚ್ಚಿದ್ದಾಳೆ! "ಇಂವ ಯಾರರೀ ಅಜ್ಜಿ?" ಎಂದು ಮಿಥುನ ಅವ್ವನ ಭಾಷೆಯಲ್ಲೇ ಕೇಳಿದ. "ಎಲ್ಲಾರ್ನೂ ಹೊರಗ ಕಳಿಸಿ ತಾನು ಒಳಗ ಇರಾಂವಪಾ. ದೇವ್ರಲ್ಲದ ಮತ್ಯಾರು?" ಎಂದಳು ಅವ್ವ. ಲೈಸನ್ಸು ಬಂದಾಗ ಎಲ್ಲರಿಗೂ ಕಾಣುವಲ್ಲಿ ತೂಗುಹಾಕಿ ಎಂದಿದ್ದರು ಮೇಡಂ. ಅವ್ವ ಅದನ್ನು ದೇವರ ಜಗಲಿಯ ಮೇಲೆಯೇ ತೂಗುಹಾಕಿಸಿದಳು.

ಆ ಬಾಗಿಲಿನಿಂದ ಯಾರೂ ಓಡಬೇಕಾಗಿ ಬರಲಿಲ್ಲ. ಬೆಂಕಿ ಬೀಳಲಿಲ್ಲ. ಹಾಗಾದರೆ ಗೋಡೆ ಒಡೆದದ್ದು ವ್ಯರ್ಥವಾಯಿತೇ? ನಾನೂ ಹಾಗೆಯೇ ಎಂದುಕೊಂಡಿದ್ದೆ, ಕಳೆದ ಶ್ರಾವಣದವರೆಗೆ.

ಕಳೆದ ಶ್ರಾವಣದಲ್ಲಿ ಅವ್ವ ಲಿಂಗೈಕ್ಯಳಾದಳು. ಊರಿನಿಂದ ಬಂದ ಹಿರಿಯರು ಪ್ಯಾಸೇಜ್ ನೋಡಿ ತಲೆ ಅಲ್ಲಾಡಿಸಿದರು. ವಿಮಾನ ಇಲ್ಲಿ ಹೊರಳುವುದಿಲ್ಲ, ಮಲಗಿಸಿ ಹೊರಗೆ ಒಯ್ದು ರಸ್ತೆಯಲ್ಲಿ ಕೂಡಿಸೋಣ ಎಂದರು. ನಾನು ಜಮಖಾನೆ ತರಲು ಎದ್ದೆ. ಆಗ ಮಿಥುನ ನನ್ನ ತೋಳು ಹಿಡಿದ.

"ಅಂಕಲ್, ಬೇಡ. ಅಜ್ಜಿ ನನ್ಹತ್ರ ಹೇಳಿದ್ರು. ನಮ್ಮ ಯಜಮಾನ್ರನ್ನ ಹಾಸಿಗೆ ಸುತ್ತಿದ ಹಾಗೆ ತಂದ್ರು, ನಾನು ಕೂತ್ಕೊಂಡೇ ಹೋಗ್ತೀನಿ, ಹಿಂದಿನ ಬಾಗಿಲು ವಿಮಾನದ ಅಳತೆಗೇ ಇದೆ, ಅಂತ."

ಸಭಿಕರೇ, ಒಂದು ಮೊಳ ಅಗಲ ಯಾಕೆ ಎಂದು ನನಗೆ ಆಗ ತಿಳಿಯಿತು. ಅವ್ವ ನನಗೆ ಹೇಳಲಿಲ್ಲ. ರೂಮಿನ ಹುಡುಗನಿಗೆ ಹೇಳಿದ್ದಳು. ನಾನು ಅಪ್ಪನನ್ನು ಹೊತ್ತ ಜಮಖಾನೆಯ ಒಂದು ತುದಿ ಹಿಡಿದವನಲ್ಲವೇ, ನನಗೆ ಹೇಗೆ ಹೇಳಿಯಾಳು?

ದೇವರ ಮನೆಯಲ್ಲೇ ವಿಮಾನ ಕಟ್ಟಿದೆವು. ಅವ್ವ ತನ್ನ ದೇವರಿಗೆ ಎದುರಾಗಿ ಕುಳಿತಳು. ಒಂದು ಕಡೆ ಮಿಥುನ, ಒಂದು ಕಡೆ ನಾನು, ಉಳಿದ ಹೆಗಲುಗಳೂ ರೂಮಿನವರವೇ. ಎಲ್ಲಿಯೂ ಬಾಗದೆ, ಎಲ್ಲಿಯೂ ತಾಗದೆ, ಆ ಬಾಗಿಲಿನಿಂದ ಅವ್ವ ತಲೆಯೆತ್ತಿ ಹೊರಗೆ ಹೋದಳು. ರಂಗೂಬಾಯಿ ಎರಡೂ ಕದ ಹಿಡಿದುಕೊಂಡು ನಿಂತಿದ್ದಳು. ಹಿಂದಿನ ಓಣಿಯಲ್ಲಿ, ಚಪ್ಪಲಿ ಬಿಟ್ಟು, ಮಾಧುರಿ ಮೇಡಂ ನಿಂತಿದ್ದರು. ಇಷ್ಟೆಲ್ಲವನ್ನೂ ಗೋಡೆಯ ಮೇಲಿನ ಒಂದು ಸುಣ್ಣದ ಗೆರೆ ನೋಡಿದಾಗಲೇ ಕಂಡ ನನ್ನ ಅವ್ವನನ್ನು ಏನೆಂದು ಕರೆಯಲಿ? ಆ ಗೆರೆ ಎಳೆಯಿರಿ ಎಂದು ಹಟ ಹಿಡಿದ ಈ ಮೇಡಂ ಅವರನ್ನು ಏನೆಂದು ಕರೆಯಲಿ? ನನಗಂತೂ ಬೆರಗೇ ಆಗುತ್ತದೆ, ಇವತ್ತಿಗೂ.

ಶೈಲಾ ಸಾಕು ಎಂದು ಕೈ ಮಾಡುತ್ತಿದ್ದಾಳೆ. ಅನುವಾದ ನಿಂತೇ ಬಹಳ ಹೊತ್ತಾಯಿತು ಎಂದು ಕಾಣುತ್ತದೆ. ಇಬ್ಬರ ಕೈಯಲ್ಲೂ ಕರವಸ್ತ್ರ ಇದೆ.

ಮೇಡಂ, ನಾಳೆಯಿಂದ ನೀವು ಅಧಿಕಾರಿಯಲ್ಲ, ಅದಕ್ಕೆ ಧೈರ್ಯ ಮಾಡಿ ಹೇಳುತ್ತೇನೆ. ಆ ಬಾಗಿಲು ಹೊರಹೋಗುವುದಕ್ಕೆ ಮಾತ್ರ ಎಂದು ನೀವು ಬರೆದಿದ್ದೀರಿ. ನಾನು ಅಂಗಡಿಯಿಂದ ದಿನವೂ ಹಿಂದಿನ ಓಣಿಯ ದಾರಿ ಹಿಡಿದು ಬಂದು ಅದೇ ಬಾಗಿಲು ಬಡಿಯುತ್ತೇನೆ. ರಂಗೂಬಾಯಿ ಒಳಗಿನಿಂದ ತೆಗೆಯುತ್ತಾಳೆ. ಈ ಕಡೆಯಿಂದ ಯಾಕೆ ಎಂದು ಒಂದು ದಿನವೂ ಕೇಳಿಲ್ಲ. ಅವ್ವ ಹೋದ ದಾರಿಯಲ್ಲಿ ಒಳಗೆ ಬರುತ್ತೇನೆ, ಹಸಿರು ದೀಪದ ಕೆಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದು ನಿಯಮಕ್ಕೆ ವಿರುದ್ಧವಾಗಿದ್ದರೆ, ನಿಮ್ಮ ಜಾಗಕ್ಕೆ ಬರುವ ಹೊಸ ಅಧಿಕಾರಿಗೆ ದಯವಿಟ್ಟು ಹೇಳಬೇಡಿ.

ಈ ಮುದುಕನ ಮಾತಿಗೆ ಇಷ್ಟು ಹೊತ್ತು ಕಿವಿಗೊಟ್ಟ ಅಧ್ಯಕ್ಷರಿಗೆ, ನಿಮಗೆಲ್ಲರಿಗೂ, ಊಟ ಬಿಸಿಯಾಗಿಟ್ಟು ಕಾಯುತ್ತಿರುವ ಅಡುಗೆಯವರಿಗೂ ಧನ್ಯವಾದ. ನಮಸ್ಕಾರ.