ಬೇಕೆಂದೇ ಹಾಕಿದ ತಪ್ಪು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಸಂಸ್ಥೆಯ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ಮೇಡಂ ಅವರೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ಹದಿನಾರು ವರ್ಷ ಸಾಫ್ಟ್‌ವೇರ್ ಬರೆದು ನಾನು ಕಲಿತ ಪಾಠಗಳನ್ನು ಐದು ನಿಮಿಷದಲ್ಲಿ ಹೇಳಬೇಕೆಂದು ಸಂಘಟಕರ ಆಜ್ಞೆ. ಮೊದಲ ಪಾಠ: ಯಾವುದನ್ನೂ ನಂಬಬೇಡಿ. ವಯಸ್ಸು ಬರೆಯಿರಿ ಎಂದರೆ ಜನ ಫೋನ್ ನಂಬರ್ ಬರೆಯುತ್ತಾರೆ. ನಿನ್ನೆ ಓಡಿದ ಪ್ರೋಗ್ರಾಮ್ ಇಂದು ಮುಷ್ಕರ ಹೂಡುತ್ತದೆ. ಅನುಮಾನವೇ ನಮ್ಮ ಅನ್ನ. ಆದರೆ ಅನ್ನವೂ ಅತಿಯಾದರೆ ಅಜೀರ್ಣ ತಾನೇ? ನನ್ನ ಹೆಂಡತಿ ಹೇಳುತ್ತಾಳೆ: "ಬೀಗ ಹಾಕಿ ಮೂರು ಸಲ ಎಳೆದು ನೋಡೋರು ಬೇಕಾದಷ್ಟು ಜನ ಇದಾರೆ. ನೀವು ಬಾಗಿಲು ನಮ್ಮದೇನಾ ಅಂತಾನೂ ನೋಡ್ತೀರಿ."

ಎರಡನೆಯ ಪಾಠವನ್ನೂ ಬರೆದುಕೊಂಡು ಬಂದಿದ್ದೇನೆ. ಅದು ಈ ಚೀಟಿಯಲ್ಲೇ ಇರಲಿ.

ಮೇಡಂ ಅವರನ್ನು ನಾವೆಲ್ಲ ಬೆನ್ನ ಹಿಂದೆ ಭೂತಕನ್ನಡಿ ಎನ್ನುತ್ತಿದ್ದೆವು. ನಾವು ಬರೆದದ್ದರಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಹನ್ನೊಂದು ವರ್ಷ ಅವರ ಪಕ್ಕದ ಮೇಜು ನನ್ನದು. ಅವರ ಬಳಿ ನೀಲಿ ರಟ್ಟಿನ ಒಂದು ನೋಟ್‌ಪುಸ್ತಕ. ನಾನು ಕಾಫಿಗೆ ಎದ್ದರೆ ಅದರಲ್ಲಿ ಏನೋ ಗೀಚುವರು. ಮರಳಿ ಬಂದರೆ ಮುಚ್ಚುವರು. ಪ್ರತಿ ಶುಕ್ರವಾರ ಅದನ್ನು ಹಿಡಿದು ಮ್ಯಾನೇಜರ್ ಕೋಣೆಗೆ ಹೋಗುವರು. ನೀವೇ ಹೇಳಿ, ಇದಕ್ಕೆ ಏನು ಅರ್ಥ? ನಾನಂತೂ ಅರ್ಥ ಮಾಡಿಕೊಂಡೆ. ಮಧ್ಯಾಹ್ನದ ಊಟಕ್ಕೆ ಅವರ ಜೊತೆ ಕೂರುವುದನ್ನು ಬಿಟ್ಟೆ. ಪಾಸ್‌ವರ್ಡ್ ಬದಲಿಸಿದೆ. ಅದನ್ನು ಹೊಡೆಯುವಾಗ ಎಡಗೈ ಅಡ್ಡ ಹಿಡಿದೆ.

ಆಗ ನಾವು ಮಕ್ಕಳ ಆಸ್ಪತ್ರೆಗಳಿಗಾಗಿ ಒಂದು ಕೆಲಸ ಮಾಡುತ್ತಿದ್ದೆವು. ನರ್ಸ್ ಮಗುವಿನ ತೂಕ ಹಾಕಿದರೆ ಪರದೆ ಔಷಧದ ಪ್ರಮಾಣ ತೋರಿಸಬೇಕು. ಒಂದು ಬೆಳಿಗ್ಗೆ ನನಗೆ ಅನ್ನಿಸಿತು: ಈಕೆ ನಿಜಕ್ಕೂ ತಪ್ಪು ಹುಡುಕುತ್ತಾರೋ, ಬರೀ ಚಾಡಿ ಬರೆಯುತ್ತಾರೋ ನೋಡಿಯೇ ಬಿಡೋಣ. ಹತ್ತು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹತ್ತು ಪಟ್ಟು ಔಷಧ ತೋರಿಸುವಂತೆ ಒಂದು ಸಾಲು ತಿದ್ದಿ ಪರೀಕ್ಷೆಗೆ ಕಳಿಸಿದೆ. ಸಂಜೆ ನಾನೇ ಸರಿಪಡಿಸುವುದು ಎಂದು ಲೆಕ್ಕ.

ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮಗಳು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಹಾಗೇ ಎದ್ದು ಓಡಿದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ಮಗಳ ಪಕ್ಕ ಕೂತಿದ್ದೆ. ಎದುರು ಹಾಸಿಗೆಯ ಹಸುಗೂಸನ್ನು ನರ್ಸ್ ತೂಕಕ್ಕೆ ಇಟ್ಟರು. "ಐದೂವರೆ" ಎಂದು ಬರೆದುಕೊಂಡರು. ಆಗ ನೆನಪಾಯಿತು, ನಾನು ತಿದ್ದಿದ ಸಾಲು ಇನ್ನೂ ಹಾಗೇ ಇದೆ. ನಮ್ಮ ಸಾಫ್ಟ್‌ವೇರ್ ಆಸ್ಪತ್ರೆಗಳಿಗೆ ಹೋಗಬೇಕಾದ ದಿನವೇ ಅದು. ತಕ್ಷಣ ಮೇಡಂಗೆ ಫೋನ್ ಮಾಡಿ, ಔಷಧದ ಸಾಲಿನಲ್ಲಿ ತಪ್ಪಿದೆ ಎಂದೆ.

"ಅದು ನಿನ್ನೆ ಸಂಜೆನೇ ಸಿಕ್ತು, ತಡೆದು ಹಾಕಿದೀನಿ," ಎಂದರು. "ಮಗು ಕೈ ಹೇಗಿದೆ?"

ಆಗ ನಾನು ಕೇಳಿದ್ದೇನು ಗೊತ್ತೇ? "ಮೇಲಿನೋರಿಗೆ ಹೇಳಿದ್ರಾ?"

"ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಹೇಳಿದೀನಿ. ಈ ಸ್ಥಿತೀಲಿ ನಿಮ್ಮನ್ನ ಯಾಕೆ ಎಳೀಲಿ?" ಮತ್ತೆ ಅವರೇ ಕೇಳಿದರು: "ಕಣ್ತಪ್ಪಿ ಆಗಿದ್ದಲ್ವಾ?"

"ಹೂಂ, ಕಣ್ತಪ್ಪಿ," ಎಂದೆ.

ಕೆಲಸಕ್ಕೆ ಮರಳಿದ ದಿನ ಅವರು ಊಟಕ್ಕೆ ಎದ್ದಾಗ ಆ ನೋಟ್‌ಪುಸ್ತಕ ತೆರೆದೆ. ಹೌದು, ತೆರೆದೆ. "ನರ್ಸ್ ಕೈಗವಸು ಹಾಕಿದ್ದರೆ ಈ ಗುಂಡಿ ಒತ್ತಲು ಆಗುತ್ತದೆಯೇ? ಮಗು ಒದ್ದಾಡುತ್ತಿದ್ದರೆ ತೂಕ ಸರಿಯಾಗಿ ಬರುತ್ತದೆಯೇ? ಕನ್ನಡಕ ಮರೆತು ಬಂದ ಡಾಕ್ಟರಿಗೆ ಈ ದಶಮಾಂಶ ಚುಕ್ಕೆ ಕಾಣುತ್ತದೆಯೇ?" ಪುಟ ಪುಟವೂ ಇಂಥದ್ದೇ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು. ಇನ್ನೊಂದು ಪುಸ್ತಕ ಇರಬಹುದೆಂದು ಡ್ರಾಯರ್ ಕೂಡ ಎಳೆದು ನೋಡಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದು ನಗುವ ಕಥೆ. ಆ ವರ್ಷದ ವರದಿಯಲ್ಲಿ "ಪರೀಕ್ಷೆಯ ವಿಳಂಬದಿಂದ ಬಿಡುಗಡೆ ಮೂರು ದಿನ ತಡ" ಎಂದು ದಾಖಲಾಯಿತು. ಪರೀಕ್ಷಾ ವಿಭಾಗದ ಮುಖ್ಯಸ್ಥರ ಸ್ಥಾನ ಮೇಡಂಗೆ ಬರಬೇಕಿತ್ತು. "ಅವರು ನಿಧಾನ" ಎಂದು ಇನ್ನೊಬ್ಬರಿಗೆ ಕೊಟ್ಟರು. ಆ ಸಭೆಯಲ್ಲಿ ನಾನೂ ಇದ್ದೆ. ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನಂತೆ ಕೂತಿದ್ದೆ. ಒಂಬತ್ತು ವರ್ಷವಾಯಿತು. ಅಂದಿದ್ದ ಹಳೆಯ ಹುದ್ದೆಯಿಂದಲೇ ಇಂದು ಅವರು ನಿವೃತ್ತರಾಗುತ್ತಿದ್ದಾರೆ. ನಾವು ಶಾಲು ಹೊದಿಸಿ ಚಪ್ಪಾಳೆ ಹೊಡೆಯುತ್ತಿದ್ದೇವೆ.

ಮೇಡಂ, ಅದು ಕಣ್ತಪ್ಪಿ ಆಗಿದ್ದಲ್ಲ. ಬೇಕೆಂದೇ ಹಾಕಿದ್ದು. ನೀವು ತಲೆ ತಗ್ಗಿಸಿ ಕೂತಿರುವುದನ್ನು ನೋಡಿದರೆ, ನಿಮಗಿದು ಅಂದೇ ಗೊತ್ತಿತ್ತೇನೋ ಎಂದು ಈಗಲೂ ನನಗೆ ಅನುಮಾನ. ಗೊತ್ತಿದ್ದೂ ಸುಮ್ಮನಿದ್ದಿರಿ ಎಂದಾದರೆ, ನಾನು ಇನ್ನೂ ಸಣ್ಣವನಾಗುತ್ತೇನೆ.

ಅಧ್ಯಕ್ಷರೇ, ಆ ಮೂರು ದಿನಗಳನ್ನು ನನ್ನ ಹೆಸರಿಗೆ ಬರೆಯಬೇಕೆಂದು ಇಂದು ಬೆಳಿಗ್ಗೆ ಪತ್ರ ಕೊಟ್ಟಿದ್ದೇನೆ. ಶಿಕ್ಷೆ ಏನೇ ಇರಲಿ, ಮೇಡಂ ಈ ಕಟ್ಟಡದ ಮೆಟ್ಟಿಲು ಇಳಿಯುವ ಮೊದಲು ವರದಿಯ ಆ ಸಾಲು ಬದಲಾಗಲಿ.

ಐದು ನಿಮಿಷ ಮೀರಿದೆ. ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.