ಸಾಸಿವೆಗೆ ಒಗ್ಗಿದ ಜೋಗುಳ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಹೂವಿನ ಕುಂಡದ ಹಿಂದೆ ಅರ್ಧ ಮರೆಯಾಗಿ ಕೂತಿರುವ ಮುಖ್ಯ ಅತಿಥಿಗಳೇ, ಈ ವಾರ್ಡಿನ ಡಾಕ್ಟರಮ್ಮನವರೇ, ಸಿಸ್ಟರುಗಳೇ, ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡಿರುವ ತಾಯಂದಿರೇ, ಆ ಮಕ್ಕಳ ಚೀಲಗಳನ್ನೆಲ್ಲ ಹೆಗಲಿಗೇರಿಸಿಕೊಂಡು ಗೋಡೆಗೆ ಒರಗಿ ನಿಂತಿರುವ ತಂದೆಯರೇ, ನನ್ನ ಹಾಗೆ ಕರೆಯದಿದ್ದರೂ ಬರುತ್ತಿದ್ದ ಅಜ್ಜಿ ತಾತಂದಿರೇ, ಮತ್ತು ಪ್ರೀತಿಯ ಸಭಿಕರೇ,

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಾರ್ಡಿನ ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ವಿಷಯ, ‘ಪುಟ್ಟ ಮಕ್ಕಳ ನೋವು ಮತ್ತು ಹಿತವಾದ ಶಬ್ದ’. ನನ್ನನ್ನು ಬಲ್ಲವರು ಈಗಾಗಲೇ ನಗುತ್ತಿದ್ದಾರೆ. ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೈಕಿನ ಹಂಗಿಲ್ಲದೆ ಇಡೀ ಶಾಲೆಯ ಮೈದಾನವನ್ನು ಗಪ್‌ಚುಪ್ ಮಾಡಿದವಳು. ಹಿತವಾದ ಶಬ್ದದ ಬಗ್ಗೆ ಮಾತಾಡಲು ಇವರಿಗೆ ಬೇರೆ ಯಾರೂ ಸಿಗಲಿಲ್ಲವೇ? ಸಿಗಲಿಲ್ಲವಂತೆ. ಡಾಕ್ಟರಮ್ಮನೇ ಮನೆಗೆ ಫೋನ್ ಮಾಡಿ, “ನೀವೇ ಬರಬೇಕು, ಟೀಚರಮ್ಮ” ಅಂದರು. ಬಂದಿದ್ದೇನೆ. ಅನುಭವಿಸಿ.

ಈ ವಾರ್ಡಿನ ಒಳಗೆ ಹೋದವರಿಗೆ ಗೊತ್ತು, ಅಲ್ಲಿ ಶಬ್ದಕ್ಕೆ ಎಷ್ಟು ಕಟ್ಟುನಿಟ್ಟು ಅಂತ. ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿರುತ್ತಾರೆ. ಡ್ರಾಯರ್ ಮುಚ್ಚುವಾಗ ಸಿಸ್ಟರ್ ಅಂಗೈ ಅಡ್ಡ ಹಿಡಿಯುತ್ತಾರೆ. ಮೊದಲ ದಿನ ನಾನು ನನ್ನ ಮಟ್ಟಿಗೆ ಪಿಸುಗುಟ್ಟಿಯೇ ಏನೋ ಕೇಳಿದೆ. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು, “ಇದು ನಿಮ್ಮ ಪಿಸುಮಾತಾ ಅಜ್ಜಿ? ಹಾಗಾದ್ರೆ ಮಾತು ಹೇಗಿರುತ್ತೆ?” ಅಂದರು. ಇಷ್ಟು ವರ್ಷ ಬೇರೆಯವರ ಬಾಯಿ ಮುಚ್ಚಿಸಿದ್ದ ನನಗೆ ಅವತ್ತು ಒಳ್ಳೆಯ ಪಾಠವೇ ಆಯಿತು.

ಈಗ ನನ್ನ ಸೊಸೆಯ ವಿಷಯ ಹೇಳಬೇಕು. ಅಗೋ, ಮೂರನೇ ಸಾಲಿನಲ್ಲಿ ಕೂತು, ಬೇಡ ಬೇಡ ಅಂತ ಕೈಯಾಡಿಸುತ್ತಿದ್ದಾಳಲ್ಲ, ಅವಳೇ. ಅವಳು ಕಾರು ಓಡಿಸುವುದನ್ನು ಕಲಿಸುತ್ತಾಳೆ. ಡ್ರೈವಿಂಗ್ ಸ್ಕೂಲ್ ಟೀಚರು. ನಾನೂ ಟೀಚರು. ಒಂದು ಮನೆಯಲ್ಲಿ ಇಬ್ಬರು ಟೀಚರುಗಳಿದ್ದರೆ ಕಲಿಯುವವರು ಯಾರು? ನನ್ನ ಮಗ. ಪಾಪ, ಪ್ರೆಸ್ಸಿನಲ್ಲಿ ಮಷೀನುಗಳ ಗದ್ದಲದ ನಡುವೆ ಕೆಲಸ ಮಾಡುತ್ತಾನೆ. ಪ್ರೆಸ್ಸಿನಲ್ಲೇ ನೆಮ್ಮದಿ ಅಂತ ಯಾರ ಹತ್ತಿರವೋ ಹೇಳಿಕೊಂಡಿದ್ದನಂತೆ.

ಸೊಸೆ ಬಸುರಿಯಾದ ದಿನದಿಂದ ನಮ್ಮಿಬ್ಬರ ಜಗಳಕ್ಕೆ ಇನ್ನಷ್ಟು ರಂಗೇರಿತು. ಬಕೆಟ್ ಎತ್ತಬೇಡ ಅಂದರೆ ಎತ್ತುತ್ತಾಳೆ. ಸ್ಟೂಲು ಹತ್ತಬೇಡ ಅಂದರೆ ಹತ್ತಿ ನಿಂತು ನನ್ನ ಜೊತೆ ವಾದ ಮಾಡುತ್ತಾಳೆ. ಕಲಿಯುವ ಹುಡುಗರ ಪಕ್ಕ ಕಾರಿನಲ್ಲಿ ಕೂರಬೇಡ, ಯಾವನಾದರೂ ಗೋಡೆಗೆ ಗುದ್ದಿಸಿಯಾನು ಅಂದೆ. “ಅತ್ತೆ, ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ನಿಮ್ಮ ಬಾಯಿಗೆ ಮಾತ್ರ ಇಲ್ಲ” ಅಂದಳು. ನೋಡಿ, ಹೇಗೆ ನಗುತ್ತಿದ್ದಾಳೆ. ನಾನು ಅಷ್ಟೊಂದು ಹಟ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಇರಲಿ, ಅದು ಇವತ್ತಿನ ವಿಷಯವಲ್ಲ.

ನಾನು ಎಷ್ಟೇ ಕಾವಲು ಕಾದರೂ ಮಗು ಬೇಗ ಬಂತು. ಬಹಳ ಬೇಗ. ಆಪರೇಷನ್ ಮಾಡಿ ತೆಗೆದರು. ತಾಯಿಗೆ ಜ್ವರ ಹತ್ತಿ ಮೇಲಿನ ಮಹಡಿಯಲ್ಲಿ ಮಲಗಿಸಿದರು. ಮಗುವನ್ನು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಜ್ವರ ಬಿಡುವ ತನಕ ತಾಯಿ ಮಗುವಿನ ಹತ್ತಿರ ಬರುವ ಹಾಗಿಲ್ಲ. ನನ್ನ ಮಗ ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ಮಗು ಹೇಗಿದೆ ಅಂತ ಇವಳಿಗೂ, ಇವಳು ಹೇಗಿದ್ದಾಳೆ ಅಂತ ನನಗೂ ವರದಿ ಒಪ್ಪಿಸುತ್ತಿದ್ದ. ಮಗುವನ್ನು ಸಿಸ್ಟರ್ ‘ಸಾಸಿವೆ’ ಅಂತ ಕರೆದರು. ಅಷ್ಟೇ ಇದ್ದಳು ನಮ್ಮ ಹುಡುಗಿ. ನನ್ನ ಬೆರಳಿಗಿಂತ ಅವಳ ತೋಳು ಸಣ್ಣದು. ಆದರೆ ಅವಳಿಗೆ ನೋವು ಮಾತ್ರ ನಮ್ಮಷ್ಟೇ ದೊಡ್ಡದು.

ದಿನವೂ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು. ಬೇರೆ ದಾರಿಯಿಲ್ಲ. ಚುಚ್ಚಿದ ತಕ್ಷಣ ಸಾಸಿವೆಯ ಮುಖ ಮುದುಡಿ, ಮೈ ನೀಲಿಗಟ್ಟಿ, ಉಸಿರು ನಿಂತೇ ಹೋಗುತ್ತಿತ್ತು. ಮಾನಿಟರಿನಲ್ಲಿ ಆಕ್ಸಿಜನ್ ನಂಬರು ಇಳಿಯುತ್ತಾ ಹೋಗುತ್ತಿತ್ತು. ಸಿಸ್ಟರ್ ಬೆನ್ನು ಸವರಿ, ಸವರಿ, ಅವಳನ್ನು ವಾಪಸು ಕರೆತರುತ್ತಿದ್ದರು. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: “ನೋವಿಗೆ ಇವಳು ಉಸಿರಾಡೋದನ್ನೇ ಮರೀತಾಳೆ. ಪ್ರತಿ ಸಲ ಹೀಗಾದ್ರೆ ತುಂಬಾ ಸುಸ್ತಾಗಿಬಿಡ್ತಾಳೆ, ನನಗೆ ಭಯ. ಪ್ರತಿಯೊಂದು ಚುಚ್ಚಿಗೂ ಗಟ್ಟಿ ಔಷಧಿ ಕೊಡೋಕಾಗಲ್ಲ. ನಾಲಿಗೆಗೆ ಒಂದು ಹನಿ ಸಕ್ಕರೆ ನೀರು ಹಾಕ್ತೀವಿ, ಕೈಯಲ್ಲಿ ಮುದುರಿ ಹಿಡ್ಕೋತೀವಿ. ಜೊತೆಗೆ ಅಮ್ಮನ ದನಿ ಬೇಕು. ಹೊಟ್ಟೆಯೊಳಗೆ ಕೇಳಿಸಿಕೊಂಡ ದನಿ ಕಿವಿಗೆ ಬಿದ್ರೆ ಇಂಥ ಮಕ್ಕಳಿಗೆ ನೋವು ಸ್ವಲ್ಪ ಹಗುರ ಆಗುತ್ತೆ.”

ಸರಿ, ಮಗ ಫೋನು ಹಿಡಿದು ಮೇಲೆ ಹೋದ, ಸೊಸೆಯ ಜೋಗುಳ ರೆಕಾರ್ಡ್ ಮಾಡಲು. ನಾನೂ ಹಿಂದೆಯೇ ಹೋಗಿ ಅವಳ ಹಾಸಿಗೆಯ ಪಕ್ಕ ಕೂತೆ. ಸಭಿಕರೇ, ನನ್ನ ಸೊಸೆಗೆ ನೂರು ವಿದ್ಯೆ ಗೊತ್ತು, ಹಾಡು ಮಾತ್ರ ಗೊತ್ತಿಲ್ಲ. ಎರಡು ಸಾಲು ಹಾಡುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

“ಇದೇನು ಜೋಗುಳಾನಾ? ಯಾರಿಗೋ ರಿವರ್ಸ್ ತೆಗೆಯೋಕೆ ಹೇಳಿದ ಹಾಗಿದೆ” ಅಂದೆ.

“ನೀವು ಹಾಡಿದ್ರೆ ಮಗ್ಗಿ ಒಪ್ಪಿಸಿದ ಹಾಗಿರುತ್ತೆ ಅತ್ತೆ. ನನ್ನ ಮಗಳಿಗೆ ಈಗಲೇ ಗಣಿತ ಬೇಡ.”

“ಮೊದಲು ನೀರು ಕುಡಿ, ಗಂಟಲು ಒಣಗಿದೆ.”

“ಈಗ ತಾನೇ ಕುಡಿದೆ.”

“ಅದು ಕುಡಿದದ್ದಾ? ಲೋಟ ಹಾಗೇ ಇದೆ. ಕಾಲಿಗೆ ಸಾಕ್ಸ್ ಎಲ್ಲಿ?”

“ಅತ್ತೆ, ಜ್ವರ ಇರೋಳಿಗೆ ಸಾಕ್ಸ್ ಯಾಕೆ?”

ಹೀಗೇ ಸಾಗಿತು ಸವಾರಿ. ಮಗ ಅದರಲ್ಲಿ ಹಾಡಿನ ಎರಡು ಸಾಲನ್ನು ಮಾತ್ರ ಕತ್ತರಿಸಿ ಕಳಿಸಿದ. ಸಿಸ್ಟರ್ ಪೆಟ್ಟಿಗೆಯ ಬಳಿ ಸಣ್ಣ ಸ್ಪೀಕರ್ ಇಟ್ಟು, ತೀರಾ ಮೆಲ್ಲಗೆ ಅದನ್ನು ಕೇಳಿಸಿ, ಸೂಜಿ ಚುಚ್ಚಿದರು. ಏನೂ ಉಪಯೋಗವಾಗಲಿಲ್ಲ. ಅದೇ ನೀಲಿ, ಅದೇ ಇಳಿಯುವ ನಂಬರು. ನಾನು ಹೊರಗೆ ಬೆಂಚಿನ ಮೇಲೆ ಕುಸಿದು ಕೂತೆ. ಮೇಲೆ ಹೋಗಿ ಸೊಸೆಗೆ ಏನು ಹೇಳಲಿ? ನಿನ್ನ ದನಿ ನಿನ್ನ ಮಗಳಿಗೆ ಗುರುತೇ ಸಿಗಲಿಲ್ಲ ಅಂತ ಹೇಳಲೇ?

ಮರುದಿನ ನಿದ್ದೆಗೆಟ್ಟ ನನ್ನ ಮಗ ಇನ್ನೊಮ್ಮೆ ಕಳಿಸುವಾಗ ಕತ್ತರಿಸಿದ್ದನ್ನು ಬಿಟ್ಟು ಇಡೀ ರೆಕಾರ್ಡನ್ನೇ ಕಳಿಸಿಬಿಟ್ಟ. ಸಿಸ್ಟರ್ ಹಾಕಿದರು. ಸೂಜಿ ಚುಚ್ಚುವ ಹೊತ್ತಿಗೆ ಜೋಗುಳ ಮುಗಿದು, ‘ಕಾಲಿಗೆ ಸಾಕ್ಸ್ ಎಲ್ಲಿ’ ಶುರುವಾಗಿತ್ತು. ಸಿಸ್ಟರ್ ಗಾಬರಿಯಿಂದ ಆಫ್ ಮಾಡಲು ಕೈ ಚಾಚಿದರೆ ಡಾಕ್ಟರಮ್ಮ ಆ ಕೈ ಹಿಡಿದುಕೊಂಡರಂತೆ. ಸಾಸಿವೆ ಮುಖ ಮುದುಡಿದಳು, ಸಣ್ಣಗೆ ಅತ್ತಳು, ಆದರೆ ಉಸಿರು ನಿಲ್ಲಿಸಲಿಲ್ಲ. ಬಿಗಿದ ಮುಷ್ಟಿ ಮೆಲ್ಲಗೆ ಸಡಿಲವಾಯಿತು. ನಂಬರು ಸ್ವಲ್ಪ ಇಳಿದು, ತಾನಾಗಿಯೇ ಮೇಲೆ ಬಂತು. ಡಾಕ್ಟರಮ್ಮ ಹೊರಗೆ ಬಂದು ಕೇಳಿದರು: “ಟೀಚರಮ್ಮ, ನಿಮ್ಮ ಮನೇಲಿ ದಿನಾ ಹೀಗೇನಾ?” ನಾನು ತಲೆ ತಗ್ಗಿಸಿ ಹೌದು ಅಂದೆ. “ಅದೇ ಮತ್ತೆ. ಅವಳು ಒಳಗಿದ್ದು ಕೇಳಿದ್ದು ಹಾಡಲ್ಲ, ಇದು” ಅಂದರು.

ಬೇರೆ ಮಕ್ಕಳಿಗೆ ಜೋಗುಳ, ನಮ್ಮ ಮಗುವಿಗೆ ಜಗಳ. ನಗಬೇಡಿ. ಅಥವಾ ನಗಿ, ನಾವೂ ನಕ್ಕೆವು. ಸೊಸೆಯಂತೂ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕು, ನಗುತ್ತಲೇ ಅತ್ತುಬಿಟ್ಟಳು.

ಆಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ರೆಕಾರ್ಡಿಗಿಂತ ಜೀವಂತ ದನಿ ಮೇಲು. ಎದುರಿಗಿದ್ದವರು ಮಗುವಿನ ಮುಖ ನೋಡಿಕೊಂಡು ಮಾತು ನಿಲ್ಲಿಸುತ್ತಾರೆ, ಮತ್ತೆ ಮಾತಾಡುತ್ತಾರೆ. ತಾಯಿ ಬರುವ ಹಾಗಿಲ್ಲ. ಆ ಜಗಳದಲ್ಲಿ ಅರ್ಧ ಪಾಲು ಅಜ್ಜಿಯದೇ ಇದೆ, ಅಜ್ಜಿ ಬರಲಿ. ಕೈ ತೊಳೆಸಿ, ಗೌನು ಹಾಕಿಸಿ, ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ದುಂಡನೆಯ ಕಿಟಕಿಯೊಳಗೆ ಕೈ ಹಾಕಿ ಅವಳ ತಲೆಯನ್ನು ಅಂಗೈಯಲ್ಲಿ ಹಿಡಿದೆ. ಸಿಸ್ಟರ್ ಸೂಜಿ ಹಿಡಿದು, “ಮಾತಾಡಿ ಅಜ್ಜಿ” ಅಂದರು.

ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

“ಮೆಲ್ಲಗೆ ಏನಾದ್ರೂ ಹೇಳಿ ಅಜ್ಜಿ.” ಇಲ್ಲ. ರಕ್ತ ತೆಗೆಯುವುದನ್ನು ತಡ ಮಾಡುವಂತಿರಲಿಲ್ಲ. ಸಿಸ್ಟರ್ ಚುಚ್ಚಿದರು. ನನ್ನ ಅಂಗೈಯಲ್ಲೇ ಆ ಪುಟ್ಟ ತಲೆ ನಡುಗಿತು, ಅಳು ಅರ್ಧಕ್ಕೆ ನಿಂತಿತು, ನಂಬರು ಇಳಿಯತೊಡಗಿತು. ಬಾಗಿಲ ಬಳಿ ನಿಂತು ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದ ನನ್ನ ಮಗ ಓಡಿಬಂದು ಫೋನನ್ನು ನನ್ನ ಕಿವಿಗೆ ಹಿಡಿದ. ಮೇಲಿನ ಮಹಡಿಯಿಂದ ಇವಳು ಕೂಗುತ್ತಿದ್ದಾಳೆ: “ಅತ್ತೆ, ಬಾಯಿ ಬಿಡಿ! ಬೇಕಾದ್ರೆ ನನ್ನನ್ನ ಬೈಯಿರಿ. ನಾನು ಇವತ್ತೂ ನೀರು ಕುಡಿದಿಲ್ಲ, ಮಾತ್ರೇನೂ ನುಂಗಿಲ್ಲ. ಬೈಯಿರಿ ಅತ್ತೆ!”

ಆಗ ಬಂತು ನೋಡಿ ದನಿ. “ನಿನ್ನಮ್ಮ ಮಾತ್ರೆ ನುಂಗಿಲ್ಲ ಕಣೇ ಸಾಸಿವೆ, ನೋಡಿದ್ಯಾ? ಇವಳನ್ನ ನಾನು ಏನು ಮಾಡಲಿ ಹೇಳು...” ಪಿಸುಮಾತಿನಲ್ಲೇ ಬೈದೆ. ಬೈಯುತ್ತಾ ಹೋದೆ. ಸಾಸಿವೆ ಒಂದು ದೊಡ್ಡ ಉಸಿರೆಳೆದು, ಅಳುವುದನ್ನು ಮುಂದುವರಿಸಿದಳು. ಅಷ್ಟು ಒಳ್ಳೆಯ ಅಳುವನ್ನು ನಾನು ನನ್ನ ಜೀವನದಲ್ಲಿ ಕೇಳಿಲ್ಲ. ಆಮೇಲೆ ತಾಯಿಯ ಜ್ವರ ಬಿಟ್ಟು ಅವಳೇ ಬಂದು ನಿಲ್ಲುವ ತನಕ, ಚುಚ್ಚುವಾಗಲೆಲ್ಲ ನಾನೇ ನಿಂತೆ.

ಸೊಸೆ ಆಮೇಲೆ ಎಷ್ಟೋ ಸಲ ಕೇಳಿದಳು: “ಅತ್ತೆ, ಅವತ್ತು ಯಾಕೆ ಹಾಗೆ ಸುಮ್ಮನೆ ನಿಂತುಬಿಟ್ರಿ?” ಗಂಟಲು ನೋವಿತ್ತು ಅಂದೆ. ಅವಳು ನಂಬಲಿಲ್ಲ. ತನ್ನ ಮಗಳನ್ನು ಮುಟ್ಟಲು ಅತ್ತೆಗೆ ಮನಸ್ಸಿರಲಿಲ್ಲವೇನೋ ಅಂತ ಅವಳಿಗೆ ಒಳಗೊಳಗೇ ಅನ್ನಿಸಿದೆ. ಬಾಯಿಬಿಟ್ಟು ಹೇಳಿಲ್ಲ, ಆದರೆ ಜಗಳ ಆಡುವವರಿಗೆ ಇದೆಲ್ಲ ತಿಳಿಯುತ್ತದೆ. ಅದು ಇನ್ನೂ ನಮ್ಮಿಬ್ಬರ ನಡುವೆ ಇದೆ.

ಇದನ್ನು ಹೇಳಬೇಕು ಅಂತ ನಾನು ಇಲ್ಲಿಗೆ ಬಂದವಳಲ್ಲ. ಆದರೆ ಇಷ್ಟು ದೂರ ಬಂದಮೇಲೆ ಎಲ್ಲಿ ನಿಲ್ಲಿಸಲಿ?

ನನ್ನ ಮಗನಿಗಿಂತ ಮುಂಚೆ ನನಗೊಬ್ಬಳು ಮಗಳು ಹುಟ್ಟಿದ್ದಳು. ಅವಳೂ ಬೇಗ ಬಂದವಳೇ. ಆಗ ಒಳಗೆ ಬಿಡುತ್ತಿರಲಿಲ್ಲ. ಗಾಜಿನ ಆಚೆ ಅವಳು, ಈಚೆ ನಾನು. ಅವಳ ಕಾಲಿಗೂ ಚುಚ್ಚುತ್ತಿದ್ದರು. ನಾನು ಅಳುತ್ತಾ ನಿಂತದ್ದನ್ನು ನೋಡಿ ಒಬ್ಬರು ಡಾಕ್ಟರು ನನ್ನ ಹತ್ತಿರ ಬಂದರು. ಬಹಳ ಒಳ್ಳೆಯವರು, ಕರುಣೆಯಿಂದಲೇ ಹೇಳಿದರು: “ಅಳಬೇಡಮ್ಮ. ಇಷ್ಟು ಸಣ್ಣ ಮಕ್ಕಳಿಗೆ ನೋವು ಗೊತ್ತಾಗಲ್ಲ.” ಆಗ ಎಲ್ಲರೂ ಹಾಗೇ ನಂಬಿದ್ದರು. ನಾನೂ ನಂಬಿದೆ. ಮಗು ಉಳಿಯಲಿಲ್ಲ, ಆ ಮಾತು ಉಳಿಯಿತು. ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ಇಟ್ಟುಕೊಂಡು ನಾನು ಬದುಕಿದೆ, ಪಾಠ ಮಾಡಿದೆ, ಮಗನನ್ನು ಸಾಕಿದೆ. ನನ್ನ ಮಗಳಿಗೆ ನೋವಾಗಿರಲಿಲ್ಲ, ಅಷ್ಟು ಸಾಕು ಅಂತ.

ಡಾಕ್ಟರಮ್ಮ, ನೀವು ಹೇಳಿದ್ದು ಸತ್ಯ. ಆ ಸತ್ಯದಿಂದಲೇ ನನ್ನ ಮೊಮ್ಮಗಳು ಉಳಿದಳು. ನಿಮ್ಮ ಋಣ ನಾನು ತೀರಿಸಲಾರೆ. ಆದರೆ ಅವತ್ತು ಸಾಸಿವೆಯ ತಲೆ ಹಿಡಿದು ಆ ಸೂಜಿಯನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ನನ್ನ ಮಗಳಿಗೂ ನೋವಾಗಿತ್ತು. ಅಷ್ಟೂ ದಿನ ನೋವಾಗಿತ್ತು. ಅವಳು ಹೊಟ್ಟೆಯೊಳಗಿದ್ದು ಕೇಳಿದ ದನಿ ಗಾಜಿನ ಈಚೆ ಸುಮ್ಮನೆ ನಿಂತಿತ್ತು. ಅದಕ್ಕೇ ಕಣಮ್ಮ ಸೊಸೆ, ಅವತ್ತು ನನಗೆ ಮಾತು ಹೊರಡಲಿಲ್ಲ. ನಿನ್ನ ಮಗಳು ಬೇಡವಾಗಿ ಅಲ್ಲ.

ಇಗೋ, ಮಗುವನ್ನು ಎತ್ತಿಕೊಂಡು ಎದ್ದೇಬಿಟ್ಟಳು. ದಾರಿ ಬಿಡಿ, ಬರಲಿ. ನನ್ನ ಮಗನೂ ಬರುತ್ತಿದ್ದಾನೆ. ಅವನಿಗೂ ಇದು ಗೊತ್ತಿರಲಿಲ್ಲ.

ಅಧ್ಯಕ್ಷರೇ, ಕ್ಷಮಿಸಿ, ಇನ್ನು ನಾನು ಸಭೆಯನ್ನು ಉದ್ದೇಶಿಸಿ ಮಾತಾಡಲಾರೆ. ಈ ವಾರ್ಡಿನ ಪ್ರತಿಯೊಬ್ಬರಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೂ ಕೈಮುಗಿಯುತ್ತೇನೆ. ಬಾ ಸಾಸಿವೆ, ಅಜ್ಜಿ ಹತ್ತಿರ ಬಾ. ನಿನಗೊಬ್ಬಳು ಸೋದರತ್ತೆ ಇದ್ದಳು ಕಣೇ. ಅವಳ ಜೊತೆ ಯಾರೂ ಮಾತಾಡಲಿಲ್ಲ. ಅವಳ ಬಗ್ಗೆಯೂ ಯಾರೂ ಮಾತಾಡಲಿಲ್ಲ. ಇವತ್ತಿಂದ ನಮ್ಮ ಮನೆಯಲ್ಲಿ ಮಾತಾಡೋಣ.

ನಮಸ್ಕಾರ.